ಬುಡ ಕೆರೆದರೆ

ತಿಂಗಳ ಐದನೇ ತಾರೀಕು ನನ್ನದು.
ಧಣಿಯವರ ಹದಿನಾರು ಮಳಿಗೆ, ಹದಿನಾರು ರಸೀದಿ.
ಮಂಡಿಪೇಟೆಯ ಮೂಲೆಯಿಂದ ಹೊರಟರೆ
ಮಂಡಕ್ಕಿ ಅಂಗಡಿಯವನು ಈರುಳ್ಳಿ ಹೆಚ್ಚಲು ಕೂರುವ ಹೊತ್ತಿಗೆ
ನಂಬರ್ ಏಳು: ರಾಜಾಭಕ್ಷಿಯ ಪೆಟ್ಟಿಗೆ ಅಂಗಡಿ.

ಪೆಟ್ಟಿಗೆ ಅಂಗಡಿಯೆಂದರೆ ಬೀಡಿ ಬೆಂಕಿಪೊಟ್ಟಣದ್ದಲ್ಲ,
ಹಾರ್ಮೋನಿಯಂ ಪೆಟ್ಟಿಗೆ.
ಗೋಡೆಗೆ ಒರಗಿ ಹನ್ನೆರಡು, ಹೊಟ್ಟೆ ಬಿಚ್ಚಿಕೊಂಡು ನಾಲ್ಕು.
ಒಂದರ ತಿದಿಯೊಳಗೆ ಇಲಿ ಮರಿ ಹಾಕಿತ್ತಂತೆ,
ಜಗಳೂರಿನ ಭಜನೆಯವರು ಎರಡು ಶ್ರಾವಣ
ಹಾಗೇ ಹಾಡಿ ಮುಗಿಸಿದ್ದರಂತೆ.
ಹಿಂದೆ, ಕತ್ತಲಲ್ಲಿ, ಒಂದು ಕಾಲ್ಪೆಟ್ಟಿಗೆ,
ಮುಚ್ಚಿಹೋದ ಯಾವುದೋ ನಾಟಕ ಕಂಪನಿಯದು.
ರಿಪೇರಿಗೆ ಬಿಟ್ಟವರು ತಿರುಗಿ ಬರಲಿಲ್ಲ.
ಹತ್ತೊಂಬತ್ತು ವರ್ಷ
ಬಾಡಿಗೆ ಕಟ್ಟದೆ ಕೂತ ಗಿರಾಕಿ.

ಆವತ್ತು ನನ್ನ ಕೈಚೀಲದಲ್ಲಿ
ರಸೀದಿ ಪುಸ್ತಕದ ಜೊತೆ ಒಂದು ಕಾಗದವೂ ಇತ್ತು.
ಒಂಬತ್ತು ಸಾವಿರ ಇದ್ದದ್ದು ಇಪ್ಪತ್ತೆರಡು.
ಎಂಟನೇ ನಂಬರಿನ ಸೀರೆ ಶೋರೂಮಿನವರು
ನಡುವಿನ ಗೋಡೆಯನ್ನು ಆಗಲೇ ಬೆರಳಲ್ಲಿ ಬಡಿದು ನೋಡಿದ್ದರು.
ಟೇಪು ಹಿಡಿದವನು ನಾನೇ.

"ಬರ್ರಿ ಉಜ್ಜಿನಪ್ಪಾರೆ, ಕುಂದ್ರಿ" ಅಂದ.
ಕನ್ನಡಕ ಹಣೆಯಿಂದಿಳಿಸಿ ಓದಿದ, ಮಡಿಸಿದ,
ಸರೇಸಿನ ಡಬ್ಬಿಯ ಕೆಳಗಿಟ್ಟ.
ಕೈಯಲ್ಲಿದ್ದ ರೀಡನ್ನು ನನ್ನ ಕಣ್ಣ ಮುಂದೆ ಹಿಡಿದ.
ಹಿತ್ತಾಳೆಯ ನಾಲಿಗೆ, ಕಿರುಬೆರಳಷ್ಟೂ ಇಲ್ಲ.
"ನೋಡ್ರಿ, ತುದಿ ಕೆರೆದ್ರೆ ಸ್ವರ ಏರ್ತೈತೆ,
ಬುಡ ಕೆರೆದ್ರೆ ಇಳೀತೈತೆ.
ಇಷ್ಟೇ ನನ್ನ ವಿದ್ಯೆ.
ಈ ಬಾಡಿಗೆಗೆ ಬುಡ ಎಲ್ಲೈತೆ ತೋರಿಸ್ರಿ,
ಚೂರು ಕೆರೀತೀನಿ."

ನಗಬೇಕಿತ್ತು ನಾನು. ನಕ್ಕೆನೋ ಏನೋ.
ಗುಮಾಸ್ತನ ಬುದ್ಧಿ, ಕೂತಲ್ಲೇ ಲೆಕ್ಕ ಹಾಕಿದೆ:
ಶ್ರಾವಣಕ್ಕೆ ಮೊದಲು ಭಜನೆಯವರ ಮೂವತ್ತು ಪೆಟ್ಟಿಗೆ,
ಸಂಗೀತದ ಟೀಚರು ಕಳಿಸುವ ಹುಡುಗರು ವರ್ಷಕ್ಕೆ ಐದೋ ಆರೋ,
ಅವರೂ ಈಗ ಮೊಬೈಲಲ್ಲೇ ಶ್ರುತಿ ಹಾಕಿಕೊಳ್ಳುತ್ತಾರೆ.
ತಬಲದ ಚರ್ಮ, ಗೆಜ್ಜೆ, ತಾಳ.
ಕೂಡಿಸಿದೆ, ಮತ್ತೆ ಕೂಡಿಸಿದೆ.
ಒಂಬತ್ತಕ್ಕೇ ಏದುಸಿರು ಬಿಡುತ್ತಿದ್ದ ತಿದಿ ಅದು.

"ಬುಡ ಜಾಸ್ತಿ ಕೆರೆದ್ರೆ?" ಅಂದೆ, ಮಾತಿಗೆ.
"ಮುರೀತೈತೆ.
ಅದ್ಕೇ ಉಸಿರು ಬಿಗಿ ಹಿಡ್ಕಂಡು ಕೆರೀಬೇಕು."

ಮೂರು ತಿಂಗಳಿಗೆ ಏಳೂ ಎಂಟೂ ಒಂದಾದವು.
ಗಾಜು, ದೀಪ, ತಣ್ಣನೆ ಗಾಳಿ.
ಗಾಜಿನೊಳಗೆ ಆ ಕಾಲ್ಪೆಟ್ಟಿಗೆ!
ಪಾಲಿಶ್ ಹೊಡೆಸಿ ನಿಲ್ಲಿಸಿದ್ದಾರೆ, ಚಂದಕ್ಕೆ.
ಇಳಕಲ್ ಸೀರೆಯುಟ್ಟ ಬೊಂಬೆಯೊಂದು
ಅದರ ಮನೆಗಳ ಮೇಲೆ ಬೆರಳಿಟ್ಟು ನಿಂತಿದೆ.
ನೆರಿಗೆಯ ಸಂದಿಯಲ್ಲಿ ಕಬ್ಬಿಣದ ಕೋಲು ಕಾಣುತ್ತದೆ.
ತುಳಿಯಲು ಕಾಲೇ ಇಲ್ಲ.

ರಾಜಾಭಕ್ಷಿ ಮೆಟ್ಟಿಲ ಕೆಳಗಿದ್ದ,
ಮೊದಲು ಜನರೇಟರ್ ಇದ್ದ ಜಾಗ.
ನಿಂತರೆ ತಲೆ ತಾಗುತ್ತದೆ, ಹಾಗಾಗಿ ನಿಲ್ಲುವುದಿಲ್ಲ.
ಈಗ ಅದು ನಿಜಕ್ಕೂ ಪೆಟ್ಟಿಗೆ ಅಂಗಡಿ.
ಮೇಲೆ ಯಾರೋ ಹತ್ತಿದರೆ ರೀಡಿನ ಮೇಲೆ ಧೂಳು;
ಊದುತ್ತಾನೆ, ಸಣ್ಣಗೆ ಒಂದು ದನಿ ಏಳುತ್ತದೆ.

"ಮಾರಿಬಿಟ್ಯಾ ಅದನ್ನ?"
"ನಂದಲ್ಲದ್ದು ಹೆಂಗ್ ಮಾರ್ಲಿ?
ಬಾಡಿಗೆಗೆ ಕೊಟ್ಟೀನಿ. ತಿಂಗಳಿಗೆ ಮೂರು ಸಾವಿರ."
ಮೆಟ್ಟಿಲಡಿಗೆ ಧಣಿಯವರು ಕಟ್ಟಿದ ಬೆಲೆಯೂ ಮೂರೇ.
"ಹತ್ತೊಂಬತ್ತು ವರ್ಷದ ಬಾಕಿ, ಪಾಪ, ತೀರಿಸ್ತೈತೆ."

ರಸೀದಿ ಬರೆಯಲು ಹೋದರೆ ಮೆಟ್ಟಿಲಡಿಗೆ ನಂಬರಿಲ್ಲ.
"ಆರಕ್ಕೂ ಏಳಕ್ಕೂ ನಡುವಿನ ಕರೀ ಮನೆ ಅಂತ ಬರ್ಕಳ್ರಿ" ಅಂದ.
ಹಾಗೇ ಬರೆದೆ. ಧಣಿಯವರು ಇನ್ನೂ ನೋಡಿಲ್ಲ.

ದೀಪಾವಳಿಗೆ ಗಾಜಿನೊಳಗೆ ಬೇರೆ ಅಲಂಕಾರವಂತೆ,
ಶೋರೂಮಿನ ಹುಡುಗ ಹೇಳಿದ.
ಅದನ್ನು ನಾನು ಕೆಳಗೆ ಹೇಳಲಿಲ್ಲ.
ಅವನು ಒಂದು ಬುಡ ಕೆರೆಯುತ್ತಿದ್ದ,
ಉಸಿರು ಹಿಡಿದು.