ಎವೆ ಕೀಳುವ ಹೊತ್ತು

ಅಮ್ಮನ ಕೊರಳಲ್ಲಿ, ಶಿಲುಬೆಯ ಪಕ್ಕಕ್ಕೇ,
ಕಪ್ಪು ದಾರಕ್ಕೆ ತೂಗುತ್ತಿತ್ತು
ಬೆರಳುದ್ದದ ಚಿಮಟ. ವೆರೆಂತೊ ಅನ್ನುತ್ತೇವೆ ನಾವು.
ಚೊಕೆ ಬೆಟ್ಟದ ಈ ಮಗ್ಗುಲಲ್ಲಿ
ಮುದುಕಿಯರಿಗೆಲ್ಲ ಒಂದೊಂದು ಇತ್ತು.
ಸಂತೆಯಲ್ಲಿ ಕಮ್ಮಾರ ಉಪ್ಪಿನ ಪಕ್ಕ ಹರಡಿ ಮಾರುತ್ತಿದ್ದ.

ಏಳು ವರ್ಷಕ್ಕೆ ಅದು ನನ್ನ ಕೈಗೆ ಬಂತು.
"ನಿನ್ನ ಬೆರಳು ಸಣ್ಣದು, ನಡುಗುವುದಿಲ್ಲ,"
ಅಂದು, ಬಾಗಿಲ ಬೆಳಕಿಗೆ ಮುಖ ಮಾಡಿ
ನನ್ನ ಮಡಿಲಲ್ಲಿ ತಲೆಯಿಟ್ಟಳು.
ಉಸಿರು ಹಿಡಿದು, ಒಳಕ್ಕೆ ಮಗುಚಿದ ಎವೆಗಳನ್ನು
ಒಂದೊಂದಾಗಿ ಬುಡಸಮೇತ ಕಿತ್ತೆ.
ಕಿತ್ತದ್ದನ್ನು ಅವಳ ಹೆಬ್ಬೆರಳ ಉಗುರಿನ ಮೇಲಿಡಬೇಕು,
ಎಣಿಸಬೇಕು. ಹನ್ನೊಂದು. ಕೆಲವು ವಾರ ಹದಿನಾಲ್ಕು.
ಕಿತ್ತಷ್ಟೂ ಮೊಳೆಯುತ್ತಿದ್ದವು, ಗಿಡ್ಡಗೆ, ಇನ್ನೂ ಚೂಪಾಗಿ,
ಕೊಯ್ದ ಬಾರ್ಲಿಯ ಕೂಳೆಯ ಹಾಗೆ.

ಕಣ್ಣಿಗೆ ರೆಪ್ಪೆಯೇ ಕಾವಲು ಅನ್ನುತ್ತಾರೆ.
ಅಮ್ಮನ ಕಾವಲುಗಾರ
ಈಟಿಯನ್ನು ಮನೆಯೊಳಕ್ಕೇ ತಿರುಗಿಸಿದ್ದ.
ಒಂದು ಸಲ ಮಿಟುಕಿಸಿದರೆ ಒಂದು ಗೀರು.
ದಿನಕ್ಕೆಷ್ಟು ಸಲ ಮಿಟುಕಿಸುತ್ತೀರಿ,
ನೀವು ಎಣಿಸಿಲ್ಲ. ಅವಳು ಎಣಿಸಿದ್ದಳು.
ಹಾಗಾಗಿ ಒಲೆಯ ಹೊಗೆಯಲ್ಲೂ, ಸಾವಿನ ಮನೆಯಲ್ಲೂ
ಎವೆಯಿಕ್ಕದೆ ಕೂರುತ್ತಿದ್ದಳು.
ಜನ ಅಂದುಕೊಂಡರು: ಎಂಥ ಗಟ್ಟಿ ಹೆಂಗಸು,
ತಮ್ಮನ ಹೆಣದ ಮುಂದೂ ಅಳಲಿಲ್ಲ.

ಯಿತಾಯಿಶ್ ಅವಳ ಹೆಸರು.
ನಮ್ಮ ಮಾತಿನಲ್ಲಿ: ನಿನಗೆ ಕಾಣಲಿ.
ಕಾಣುತ್ತಿದ್ದದ್ದು ಎಡಗಣ್ಣಿನಲ್ಲಿ ಹಾಲು,
ಬಲಗಣ್ಣಿನಲ್ಲಿ ಹಾಲು ಬೆರೆತ ನೀರು.

ಮಳೆ ಮುಗಿದು ಗುಡ್ಡಕ್ಕೆ ಹಳದಿ ಹೂ ಬಂದ ವಾರ
ಶಾಲೆಯ ತಗಡಿನ ಕೋಣೆಗೆ ನರ್ಸ್ ಅನ್ಮುತ್ ಬಂದ:
ಟಾರ್ಚು, ಸೂಜಿ, ರೇಷ್ಮೆ ದಾರ, ಬಣ್ಣ ಬಳಿದ ಅಳತೆಕೋಲು.
ಕೋಲಿನ ಪಕ್ಕ ನಿಲ್ಲಿಸಿ, ಎತ್ತರಕ್ಕೆ ತಕ್ಕಷ್ಟು ಮದ್ದು.
ನನಗೆ ನಾಲ್ಕು ಮಾತ್ರೆ. ನನ್ನ ಮಗ ಎಯೊಬ್
ಕೋಲಿಗೆ ಹೆದರಿ ಕುಗ್ಗಿ,
ಒಂದು ಗೆರೆ ಸಿರಪ್ಪು ಕಳೆದುಕೊಳ್ಳುವುದರಲ್ಲಿದ್ದ.

ಅಮ್ಮನ ರೆಪ್ಪೆಯನ್ನು ಹೊರಕ್ಕೆ ಮಡಚಿ ಹೊಲಿಯುತ್ತ
ಅನ್ಮುತ್ ಹೇಳಿದ ಆ ಹುಳುವಿನ ಹೆಸರು. ಕ್ಲಮಿಡಿಯ.
ಸ್ವಂತ ಮನೆಯಿಲ್ಲದ್ದಂತೆ. ನಮ್ಮ ಮಾಂಸದ
ಒಂದು ಕಣದೊಳಗೆ ನುಗ್ಗಿ, ಕದವಿಕ್ಕಿ,
ಅಲ್ಲೇ ಒಲೆ ಹೂಡಿ, ಸಂಸಾರ ಬೆಳೆಸಿ,
ಗೋಡೆ ಒಡೆದು ಪಕ್ಕದ ಮನೆಗೆ.
ಯಾವುದೋ ಹಳೇ ಭಾಷೆಯಲ್ಲಿ ಆ ಹೆಸರಿನ ಮೂಲ
ಹೊದೆಯುವ ಬಟ್ಟೆ, ಅಂದ.

ಸೂಜಿಯ ಕೆಳಗೇ ಅಮ್ಮ ನಕ್ಕಳು.
"ಹೊದಿಕೆಯೇ? ಹಾಗಿದ್ದರೆ ಅದು ನನಗೆ ಗೊತ್ತು."

ನನಗೂ ಗೊತ್ತು. ಅವಳ ನೆತೆಲಾ,
ತೆಳ್ಳನೆ ಹತ್ತಿಯ ಶಾಲು, ಅದರ ಸೆರಗು.
ನೀರು ಎರಡು ತಾಸು ದೂರ. ಹೊತ್ತು ತಂದ ಕ್ಯಾನು
ಹಿಟ್ಟಿಗೆ, ಕಾಫಿಗೆ, ಕರುವಿಗೆ. ಮುಖಕ್ಕಲ್ಲ.
ನಾವು ಆರು ಮಕ್ಕಳು, ಕಣ್ಣಂಚಿಗೆ ನೊಣ.
ಸೆರಗಿನ ಅದೇ ತುದಿಗೆ ಎಂಜಲು ಸವರಿ
ದೊಡ್ಡವನಿಂದ ಸಣ್ಣವಳ ತನಕ ಒರೆಸಿ
ಕೊನೆಗೆ ತನ್ನ ಕಣ್ಣು ಒರೆಸಿಕೊಳ್ಳುತ್ತಿದ್ದಳು.
ಯಾರಿಂದ ಯಾರಿಗೆ ಬಂತೆಂದು ಯಾರನ್ನು ಕೇಳಲಿ?
ಮುದ್ದಿಗೂ ಅದಕ್ಕೂ ನಮ್ಮಲ್ಲಿದ್ದದ್ದು ಒಂದೇ ಬಟ್ಟೆ.

ಮರುದಿನ ಪಟ್ಟಿ ಬಿಚ್ಚಿದರು. ಹಾಲು ಹಾಗೇ ಇತ್ತು.
"ಹೋದ ನೋಟ ಬರುವುದಿಲ್ಲ, ಚುಚ್ಚುವುದು ನಿಲ್ಲುತ್ತದೆ,"
ಅನ್ಮುತ್ ಮೊದಲೇ ಹೇಳಿದ್ದ.
ಅಮ್ಮ ಒಮ್ಮೆ ಮಿಟುಕಿಸಿದಳು. ಕಾದಳು.
ಇನ್ನೊಮ್ಮೆ. ಆಮೇಲೆ ಲೆಕ್ಕ ಬಿಟ್ಟು,
ಮಕ್ಕಳು ನೀರಿಗೆ ಕೈ ಬಡಿಯುವ ಹಾಗೆ, ಮಿಟುಕಿಸುತ್ತಲೇ ಇದ್ದಳು.
ತಮ್ಮನಿಗಾಗಿ ಅತ್ತದ್ದು ಆಗ.

ಅನ್ಮುತ್ ಟಾರ್ಚನ್ನು ನನ್ನತ್ತ ತಿರುಗಿಸಿದ.
ನನ್ನ ರೆಪ್ಪೆ ಹೊರಳಿಸಿ ನೋಡಿದ,
ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು.
ಒಳಗೆ ಬಿಳಿ ಗೆರೆಗಳಿವೆ, ಅಂದ. ಸಣ್ಣವು.
ಈಗಲೇ ಏನಿಲ್ಲ, ಇನ್ನೂ ವರ್ಷಗಳಿವೆ.
"ಎಷ್ಟು?"
ಅವನು ಸಾಲಿನಲ್ಲಿ ಮುಂದಿನವರನ್ನು ಕರೆದ.

ಮನೆಗಿಳಿಯುವ ದಾರಿಯಲ್ಲಿ ಎಯೊಬನ ಮೂಗು ಸುರಿಯುತ್ತಿತ್ತು.
ನನ್ನ ಕೈ ಸೆರಗಿನ ತನಕ ಹೋಗಿ ನಿಂತಿತು.
ಹಿಂದೆ ಅಮ್ಮ ದಾರ ಬಿಚ್ಚಿ,
ತಡಕಿ, ನನ್ನ ಅಂಗೈ ಹುಡುಕಿ
ಚಿಮಟ ಇಟ್ಟಳು.
"ಬಿಸಾಡಬೇಡ. ಆಡಿನ ಕಾಲಿನ ಮುಳ್ಳಿಗೆ ಬೇಕಾಗುತ್ತದೆ."

ನಮ್ಮಲ್ಲಿ ಆಡಿಲ್ಲ.