ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬೇಡ ಅನ್ನುತ್ತಿದ್ದಳು ಅಜ್ಜಿ.
ಎಣಿಸೋಣವೆಂದರೆ ನಮ್ಮ ಕಾರ್ಖಾನೆಗೆ ಜಂತೆಯೇ ಇಲ್ಲ.
ತಗಡಿನ ಚಾವಣಿ, ಕಬ್ಬಿಣದ ತೊಲೆ,
ಶ್ರೀನಿವಾಸಪುರದ ಬಿಸಿಲೆಲ್ಲ ಮೇ ತಿಂಗಳಲ್ಲಿ
ಅದರ ಮೇಲೇ ಬಂದು ಕೂರುತ್ತದೆ.
ಕೆಳಗೆ ತೋತಾಪುರಿ ತೊಳೆಯುವ ಹೆಂಗಸರು, ನೊಣ,
ತಿರುಳಿನ ಸಿಹಿ ನಾತ.
ಲ್ಯಾಬಿನಲ್ಲಿ ನಾನು. ಬ್ರಿಕ್ಸ್ ಎಷ್ಟು, ಹುಳಿ ಎಷ್ಟು,
ಹನ್ನೆರಡು ವರ್ಷದಿಂದ
ಬಂದಷ್ಟನ್ನೇ ಬರೆದಿಟ್ಟಿದ್ದೇನೆ.

ರಾತ್ರಿ ಪಾತ್ರೆ ತೊಳೆದ ಮೇಲೆ ಇನ್ನೊಂದು ಕೆಲಸ.
ಅಂತರಜಾಲದ ವಿಶ್ವಕೋಶದಲ್ಲಿ ನನ್ನ ಹೆಸರು ಹುಣಸೆಚಿಗುರು.
ಕೆರೆಗಳ ಬಗ್ಗೆ, ವೀರಗಲ್ಲುಗಳ ಬಗ್ಗೆ,
ಬಾದಾಮಿಗೂ ರಸಪುರಿಗೂ ಏನು ವ್ಯತ್ಯಾಸ ಎಂಬುದರ ಬಗ್ಗೆ
ಯಾರೂ ಕೇಳದಿದ್ದರೂ ತಿದ್ದುತ್ತಾ ಕೂರುವುದು.
ದುಡ್ಡಿಲ್ಲ. ಚಟ.

ಹೇಗೋ ಇದು ಗೋಪಿನಾಥರೆಡ್ಡಿಯವರ ಕಿವಿಗೆ ಬಿತ್ತು.
ಕರೆದು ಕೂರಿಸಿ ಕಾಫಿ ತರಿಸಿದರು
(ಹನ್ನೆರಡು ವರ್ಷಕ್ಕೆ ಮೊದಲ ಕಾಫಿ).
"ನೋಡಮ್ಮಾ ಮುನಿಲಕ್ಷ್ಮಿ, ದುಬೈ ಪಾರ್ಟಿ
ನಮ್ಮ ಹೆಸರು ಹುಡುಕಿದ್ರೆ ಮೊದಲು ಅದೇ ಬರ್ತದಂತೆ.
ಒಂದೇ ಸಾಲು. ತೆಗೆದುಹಾಕಿಬಿಡು.
ಮನೆ ಹುಡುಗಿ ಇದ್ದಂಗೆ ನೀನು."

ಆ ಸಾಲು ಇಷ್ಟೇ:
೨೦೧೪ರ ಮೇ ತಿಂಗಳಲ್ಲಿ ಬಾಯ್ಲರ್ ಒಡೆದು
ಇಬ್ಬರು ಕೆಲಸಗಾರ್ತಿಯರು ಸತ್ತರು.
ಕೊನೆಗೊಂದು ಪುಟ್ಟ ಅಂಕಿ. ಅದರ ಬೆನ್ನಿಗೆ
ಒಂದು ಪತ್ರಿಕೆ, ಒಂದು ತಾರೀಖು.

ತೆಗೆಯಲಿಲ್ಲ ನಾನು, ದೇವರಾಣೆ.
ಬರೀ ಬಗ್ಗಿಸಿದೆ.
ಸತ್ತರು ಎಂಬುದನ್ನು ಅಳಿಸಿ
ಅಹಿತಕರ ಘಟನೆಯೊಂದು ಸಂಭವಿಸಿತ್ತು, ಎಂದೆ.
ಎಂಥ ಕನ್ನಡ!
ಅದರಲ್ಲಿ ಬಾಯ್ಲರೂ ಇಲ್ಲ, ಹೆಂಗಸರೂ ಇಲ್ಲ,
ಯಾರೂ ಏನೂ ಮಾಡಿಲ್ಲ,
ಘಟನೆ ತಾನಾಗಿ ಬಂದು ತಾನಾಗಿ ಹೋಗಿದೆ,
ನೀರು ಕುಡಿದು ಎದ್ದುಹೋದ ನೆಂಟನ ಹಾಗೆ.

ನಾಲ್ಕೇ ನಿಮಿಷ.
ಕೆರೆಕೋಡಿ ಎಂಬ ಹೆಸರಿನವರು ಯಾರೋ
ಸತ್ತರು ಎಂಬುದನ್ನು ತಂದು ಮತ್ತೆ ಅದರ ಜಾಗದಲ್ಲಿಟ್ಟರು.
ಬೈಯಲಿಲ್ಲ. ಕೇಳಿದರು ಅಷ್ಟೆ:
ತಮಗೂ ಈ ಸಂಸ್ಥೆಗೂ ಏನಾದರೂ ಸಂಬಂಧ ಇದೆಯೇ?

ಸಂಬಂಧ.
ಪ್ರಭಾವತಿ ನನ್ನ ಪಕ್ಕ ಕೂತು ಉಣ್ಣುತ್ತಿದ್ದಳು,
ಅವಳ ಡಬ್ಬಿಯ ಬಸ್ಸಾರಿಗೆ ನನ್ನ ಡಬ್ಬಿಯ ಮುದ್ದೆ.
ಖಾಜಾಬಿಯ ಹೆಸರನ್ನು ಪತ್ರಿಕೆಯಲ್ಲಿ ತಪ್ಪು ಅಚ್ಚು ಹಾಕಿದ್ದರು.
ಮತ್ತೆ ನಾಗವೇಣಿ.
ನಾಗವೇಣಿ ಅವತ್ತು ಸಾಯಲಿಲ್ಲ.
ಕೋಲಾರದ ಆಸ್ಪತ್ರೆಯಲ್ಲಿ ಐವತ್ತಮೂರು ದಿನ
ಬಾಳೆಲೆಯ ಮೇಲೆ ಮಲಗಿದ್ದು
ಸೀಜನ್ ಮುಗಿಯುವ ಹೊತ್ತಿಗೆ ಹೋದಳು.
ಅಷ್ಟರಲ್ಲಿ ಪತ್ರಿಕೆಯವರು ಬೇರೆ ಸುದ್ದಿಗೆ ಹೋಗಿಯಾಗಿತ್ತು.

ವಿಶ್ವಕೋಶಕ್ಕೆ ನಾನು ಸಾಕ್ಷಿಯಲ್ಲ.
ಅಚ್ಚಾದದ್ದು ಬೇಕು, ಹೊರಗಿನವರ ಕೈ ಬೇಕು.
ಆ ನಿಯಮವನ್ನು ಎಷ್ಟೋ ಹೊಸಬರಿಗೆ ನಾನೇ ಹೇಳಿದ್ದೇನೆ,
ಸ್ವಲ್ಪ ಜಂಬದಿಂದಲೇ.
ಸಾಲು ಬಗ್ಗಿಸುವಾಗ ಸುಮ್ಮನಿದ್ದ ಸಂಬಳ
ಮೂರನೆಯವಳನ್ನು ಸೇರಿಸ ಹೊರಟಾಗ
ಎದ್ದು ಬಾಗಿಲಿಗೆ ಅಡ್ಡ ನಿಂತಿತು.

ಬೆಳಗಿನ ಜಾವ ಚರ್ಚೆಯ ಪುಟದಲ್ಲಿ ಬರೆದೆ:

ಹೌದು. ಇಲ್ಲಿಯ ಅನ್ನ ಉಣ್ಣುತ್ತೇನೆ.
ಸಂಬಳ ಪ್ರತಿ ತಿಂಗಳ ಏಳನೇ ತಾರೀಖು.
ಈ ಪುಟವನ್ನು ಇನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಅಳಿಸಿ.
ಒಂದು ವಿನಂತಿ. ಬಿಡುವಾದಾಗ ಯಾರಾದರೂ
ಆ ವರ್ಷದ ಜುಲೈ ತಿಂಗಳ ಪತ್ರಿಕೆಗಳನ್ನು,
ಒಳಪುಟಗಳ ಶ್ರದ್ಧಾಂಜಲಿಯ ಸಣ್ಣ ಚೌಕಗಳನ್ನು
ಒಮ್ಮೆ ನೋಡಿ.
ಏನು ಹುಡುಕಬೇಕೆಂದು ನಾನು ಹೇಳಬಾರದು.

ಏಳಕ್ಕೆ ಪಾಳಿ.
ಮೊದಲ ಲೋಡಿನ ತಿರುಳು, ಬ್ರಿಕ್ಸ್ ಹದಿನಾಲ್ಕು ಪಾಯಿಂಟ್ ಎರಡು.
ಬರೆದೆ.
ರೆಡ್ಡಿಯವರ ಕೋಣೆಯ ಬಾಗಿಲು ತೆರೆದಿತ್ತು, ಕಾಫಿಯ ವಾಸನೆ.
ತಲೆಯೆತ್ತಿದೆ.
ತೊಲೆಗಳು ಏಳು.
ಎಂಟನೆಯದು ಆ ವರ್ಷ ಹೊಸದಾಗಿ ಹಾಕಿದ್ದು,
ಅದರ ಬಣ್ಣ ಇನ್ನೂ ಬೇರೆ.