ಅಂಚಿನ ಸ್ಕ್ರೂ

ನವನಗರದ ತಿರುವಿನಲ್ಲಿ ರಾಜೇಸಾಬನ
ಗಡಿಯಾರದ ಅಂಗಡಿ. ಅಂಗಡಿಯೆಂದರೆ
ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು,
ಬಲಗಣ್ಣಿಗೆ ಅಂಟಿಕೊಂಡ ಕರಿ ಭೂತಗನ್ನಡಿ.

ಮಾವನ ಅಪ್ಪ ಮೀಟರ್‌ಗೇಜ್ ಕಾಲದ ಸ್ಟೇಶನ್ ಮಾಸ್ತರ.
ಅವರ ಜೇಬುಗಡಿಯಾರ ತಂದಿದ್ದೆ.
‘ದಿನಕ್ಕೆ ನಾಕು ನಿಮಿಷ ಮುಂದೆ ಓಡುತ್ತದೆ.’

ಆತ ಅದರ ಬೆನ್ನು ಬಿಚ್ಚಿದ. ಒಳಗೆ ಹಿತ್ತಾಳೆಯ ಗಾಲಿ
ಅತ್ತ ಇತ್ತ ಅತ್ತ ಇತ್ತ,
ಜ್ವರ ಬಂದ ಕೂಸಿನ ಹಾಗೆ ಹೊರಳುತ್ತ.
‘ನೋಡ್ರಿ ಅಕ್ಕೋರ, ಅಂಚಿಗೆ ಸಾಸಿವಿಯಂಥ ಸ್ಕ್ರೂ ಅದಾವು.
ಒಳಗ ತಿರುವಿದ್ರ ಗಾಲಿ ಜೋರು.
ಹೊರಗ ಬಿಟ್ರ ನಿಧಾನ.
ತೂಕ ಅಷ್ಟ. ಜಾಗಾ ಬ್ಯಾರೆ.’

ಬೆಳಿಗ್ಗೆಯಷ್ಟೇ ಒಂಬತ್ತನೆಯ ಕ್ಲಾಸಿನ ಹಲಗೆಯ ಮುಂದೆ
ಇದನ್ನೇ ಹೇಳಲಾಗದೆ ಒದ್ದಾಡಿದ್ದೆ:
ಗ್ರೀನ್‌ಲ್ಯಾಂಡಿನ ಹಿಮ ಕರಗಿ, ಕಡಲಿಗೆ ಕೂಡಿ,
ಭೂಮಿಯ ನೆತ್ತಿಯಿಂದ ಸೊಂಟದ ಕಡೆ ಸರಿದು,
ನಡು ದಪ್ಪವಾಗಿ, ತಿರುಗು ತುಸು ಜಡವಾಗಿ,
ನೂರು ವರ್ಷಕ್ಕೆ ಒಂದು ದಿನಕ್ಕೆ ಕೂಡುವುದು
ಸೆಕೆಂಡಿನ ಸಾವಿರದಲ್ಲೊಂದು ಪಾಲು, ಚೂರು ಹೆಚ್ಚು.
‘ಅಷ್ಟನಾ?’ ಅಂದಿದ್ದಳು ಹಿಂದಿನ ಬೆಂಚಿನ ಸಾವಂತ್ರಿ.
ಇಡೀ ಕ್ಲಾಸು ನಕ್ಕಿತ್ತು. ನಾನೂ.

ರಾಜೇಸಾಬ ನಗಲಿಲ್ಲ.
ಚಿಮುಟದ ತುದಿಯಲ್ಲಿ ಸ್ಕ್ರೂ ಹಿಡಿದು ಬದುಕಿದವನು
ಸಾವಿರದ ಪಾಲಿಗೆ ನಗುವುದಿಲ್ಲ.
‘ಅಲ್ಲಿ ಸ್ಕ್ರೂ ತಿರುವಾಂವ ಯಾರ?’ ಎಂದ.
ನಾನು ರಸ್ತೆ ನೋಡಿದೆ. ಸಿಮೆಂಟಿನ ಲಾರಿಗಳು,
ಹೊಗೆ,
ನನ್ನದೇ ಸ್ಕೂಟಿ.

ಆಮೇಲೆ ಬಹಳ ಹೊತ್ತು ಮಾತಿಲ್ಲ.
ಸೂಜಿಯ ತುದಿಯಿಂದ ಎಣ್ಣೆಯ ಹನಿಯೊಂದು ಇಳಿಯಿತು.
‘ನಮ್ಮ ಹಳೇ ಅಂಗಡಿ ಕಿಲ್ಲಾ ಓಣ್ಯಾಗ ಇತ್ತು.
ಹಿನ್ನೀರು ಬಂತು. ಗ್ವಾಡಿ ಗಡಿಯಾರ ಎಲ್ಲಾ ಬಂಡಿಗೆ ಹೇರಿದ್ವಿ.
ದಾರಿ ತುಂಬ ಒಂದೊಂದು ಒಂದೊಂದು ಟೈಮಿಗೆ ಬಡೀತಿದ್ವು,
ಮಂದಿ ಬಾಗಲದಾಗ ನಿಂತು ನೋಡಿದ್ರು.
ಆ ನೀರಿಗೂ ತೂಕ ಐತಿ ಅಲ್ರಿ?
ನಿಮ್ಮ ಲೆಕ್ಕದಾಗ ಅದನ್ನೂ ಹಿಡದಾರೇನು?’

ಹಿಡಿದಿರಬೇಕು, ಎಂದೆ.
ಎಷ್ಟೋ ಸೊನ್ನೆಗಳ ಆಚೆ ಎಲ್ಲೋ
ನಿಮ್ಮ ಅಂಗಡಿಯ ಹೊಸ್ತಿಲೂ ಇರಬೇಕು.

ಪಕ್ಕದ ಗಾಡಿಯಲ್ಲಿ ಮಿರ್ಚಿಯ ಎಣ್ಣೆ ಕಾಯತೊಡಗಿತ್ತು.
ಗಡಿಯಾರವನ್ನು ಒಮ್ಮೆ ತನ್ನ ಕಿವಿಗೆ ಹಿಡಿದು, ಕೊಟ್ಟ.
ಎಂಬತ್ತು ರೂಪಾಯಿ. ಇಬ್ಬರಲ್ಲೂ ಚಿಲ್ಲರೆ ಇಲ್ಲ.
‘ನಾಳೆ ಕೊಡ್ರಿ. ಇದು ಈಗ ಸರಿ ಐತಿ.
ಇನ್ನ ಮ್ಯಾಲ ಫರಕು ಬಂದ್ರ
ಬಿಚ್ಚಾಕ ತರಬ್ಯಾಡ್ರಿ,
ತಪ್ಪು ಇದರದ್ದಲ್ಲ.’

ಹಿನ್ನೀರಿನ ದಂಡೆ ಹಿಡಿದು ಮನೆಗೆ ಬಂದೆ.
ಜೇಬಿನಲ್ಲಿ ಗಡಿಯಾರ ಏಳು ದಾಟಿತ್ತು.
ಹೊತ್ತು ಮುಳುಗುವುದು ಇನ್ನೂ ಮುಗಿದಿರಲಿಲ್ಲ.